ಮೇಣದ ಹುಳುವೂ ಪಾದ್ರಿಯ ಪೆಟ್ಟಿಗೆಯೂ

ಮಧುವೆಂಬ ಪದಾರ್ಥವು ನಮ್ಮ ದೇಶದವರಿಗೆ ಹೊಸದಲ್ಲ. ಮನೆಗೆ ಬಂದ ವರನಿಗೆ ಮಧುಪರ್ಕವನ್ನು ಕೊಡುವುದೂ, ಅಭಿಷೇಕದ ಪಂಚಾಮೃತದಲ್ಲಿ ಜೇನನ್ನು ಸೇರಿಸುವುದೂ, ವೈದ್ಯರು ಕೊಟ್ಟ ಚೂರ್ಣವನ್ನು ಜೇನಿನಲ್ಲಿ ಕಲಸಿ ನೆಕ್ಕುವುದೂ ಇಂದಿಗೂ ನಡೆದುಬಂದಿರುವ ಆಚಾರಗಳಷ್ಟೆ. ಸುಶ್ರುತ ಸಂಹಿತೆಯಲ್ಲಿ ಪೌತ್ತಿಕ, ಭ್ರಾಮರ, ಕ್ಷೌದ್ರ, ಮಾಕ್ಷಿಕವೇ ಮೊದಲಾಗಿ ಎಂಟು ಬಗೆಯ ಮಧುಗಳನ್ನು ಹೇಳಿದೆ. ಅಮರಸಿಂಹನು ಜೇನುನೊಣಕ್ಕೆ ಸರಘಾ ಎಂಬ ಹೆಸರನ್ನು ಕೊಟ್ಟಿರುವನು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾವು ಹುಡುಗರಿಗೆ ಈ ಶಬ್ದಗಳ ಅರ್ಥವನ್ನು ಹೇಳಿಕೊಟ್ಟೆವು. ಆದರೆ ಆ ಸರಘೆಯ ಮನೆಯೊಳಗೆ ಏನು ನಡೆಯುತ್ತದೆ, ಅದರ ಶತ್ರುಗಳು ಯಾರು ಎಂಬುದು ಮಾತ್ರ, ನಿವೃತ್ತರಾಗಿ ಒಂದು ಜೇನುಪೆಟ್ಟಿಗೆಯನ್ನು ಕೊಂಡು ಅದನ್ನು ಹಾಳುಮಾಡಿಕೊಳ್ಳುವ ಪರ್ಯಂತ ನಮಗೆ ತಿಳಿದಿರಲಿಲ್ಲ.

ಪೆಟ್ಟಿಗೆಯು ನಮ್ಮ ಹಿತ್ತಲಿನ ಹಲಸಿನ ಮರದ ನೆರಳಿಗೆ ಬಂದದ್ದು ಒಂದು ಮಾಘಮಾಸದಲ್ಲಿ. ಅದರಲ್ಲಿ ತುಡುವೆ ಜೇನಿನ ಒಂದು ಸಂಸಾರವಿತ್ತು. ಚೈತ್ರ ವೈಶಾಖಗಳಲ್ಲಿ ಎರಡು ಸಾರಿ ತುಪ್ಪ ತೆಗೆದೆವು. ಮನೆಯಾಕೆಯು ಅದನ್ನು ಸಣ್ಣ ಸಣ್ಣ ಶೀಸೆಗಳಲ್ಲಿ ತುಂಬಿ ನೆರೆಹೊರೆಯವರಿಗೆ ಹಂಚಿ ಸಂತೋಷಪಟ್ಟಳು. ಆಮೇಲೆ ಮಳೆ ಹಿಡಿಯಿತು. ಮಳೆಗಾಲದಲ್ಲಿ ಮುಚ್ಚಳವನ್ನು ತೆಗೆದರೆ ನೊಣಗಳಿಗೆ ಶೀತವಾದೀತೆಂದೂ, ತಮ್ಮ ಪಾಡಿಗೆ ತಾವಿರುವ ಪ್ರಾಣಿಗಳನ್ನು ಕೆಣಕುವುದು ಪಾಪವೆಂದೂ ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಕಚ್ಚಿಸಿಕೊಳ್ಳುವ ಭಯವೂ ಇತ್ತೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಆಷಾಢ ಕಳೆಯಿತು, ಶ್ರಾವಣವೂ ಕಳೆಯಿತು. ಭಾದ್ರಪದದಲ್ಲಿ ಒಂದು ಮಧ್ಯಾಹ್ನ ಬಿಸಿಲು ಬಂದಾಗ ನೊಣಗಳೆಲ್ಲವೂ ಒಟ್ಟಾಗಿ ಹೊರಬಿದ್ದು, ಹಲಸಿನ ಮರವನ್ನು ಎರಡು ಸುತ್ತು ಸುತ್ತಿ, ಗುಡ್ಡದ ಕಡೆಗೆ ಹೊರಟುಹೋದುವು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು, ಈಗ ಅಡಕೆ ತೋಟವನ್ನು ಮಾಡಿಕೊಂಡು ಜೇನನ್ನೂ ಸಾಕಿರತಕ್ಕವನು, ಸುದ್ದಿ ಕೇಳಿ ಬಂದು ಮುಚ್ಚಳವನ್ನೆತ್ತಿದನು. ಒಳಗೆ ಕಂಡದ್ದನ್ನು ಬರೆಯುವುದಕ್ಕೆ ಈಗಲೂ ಮನಸ್ಸಾಗದು. ಎರಿಗಳ ತುಂಬ ಬೂದುಬಣ್ಣದ ನೂಲಿನ ಬಲೆ. ಆ ಬಲೆಯ ತುಂಬ ಸಾಸಿವೆಗಿಂತ ಸಣ್ಣದಾದ ಕಪ್ಪು ಹಿಕ್ಕೆ. ಅದರ ನಡುವೆ ಬೆರಳಿನ ಗೆಣ್ಣಿನಷ್ಟುದ್ದದ ಮಾಸಲು ಹುಳುಗಳು ಸುರಂಗ ತೋಡಿಕೊಂಡು ಹರಿದಾಡುತ್ತಿದ್ದುವು. ಮರಿಗಳಿದ್ದ ಎರಿಯು ಜರಡಿಯಂತಾಗಿತ್ತು.

"ಇದನ್ನು ತೆರೆದು ಎಷ್ಟು ದಿನವಾಯಿತು, ಮೇಷ್ಟ್ರೇ?" ಎಂದು ಅವನು ಕೇಳಿದನು.

ಎರಡು ತಿಂಗಳಾಗಿರಬಹುದೆಂದೆವು.

"ಹುಳು ಬಂತೂಂತ ಜೇನು ಸೊರಗಿದ್ದಲ್ಲ. ಜೇನು ಸೊರಗಿತ್ತು, ಹುಳು ಬಂತು. ಮಧ್ಯೆ ಒಂದು ಸಲ ನೋಡಿದ್ದಿದ್ದರೆ ಸಾಕಿತ್ತು," ಎಂದು ಅವನು ತಲೆ ತಗ್ಗಿಸಿಕೊಂಡು, ಗುರುವಿಗೆ ಪಾಠ ಹೇಳಬೇಕಾಯಿತಲ್ಲಾ ಎಂಬ ಸಂಕೋಚದಿಂದಲೇ ಹೇಳಿದನು.

ಅಂದಿನಿಂದ ನಾವು ಈ ಹುಳುವಿನ ವೃತ್ತಾಂತವನ್ನೂ, ಅದಕ್ಕೆ ತಕ್ಕ ಉಪಾಯವನ್ನು ಕಂಡುಹಿಡಿದ ಮನುಷ್ಯನ ವೃತ್ತಾಂತವನ್ನೂ ಹುಡುಕಿ ಓದತೊಡಗಿದೆವು. ಆತನು ಅಮೆರಿಕ ದೇಶದ ಒಬ್ಬ ಪಾದ್ರಿ. ನಮ್ಮಂತೆ ಉಪಾಧ್ಯಾಯನೂ ಆಗಿದ್ದವನು. ಲೊರೆಂಜೊ ಲೊರೇನ್ ಲ್ಯಾಂಗ್‌ಸ್ಟ್ರಾತ್ ಎಂದು ಅವನ ಹೆಸರು. ನಮ್ಮ ನಾಡಿನಲ್ಲಿ ಜೇನುಪೆಟ್ಟಿಗೆ ಇರುವ ಮನೆಗಳಲ್ಲಿಯೂ ಈ ಹೆಸರನ್ನು ಬಲ್ಲವರು ವಿರಳವೆಂದು ಕಾಣುತ್ತದೆ.

ಮೊದಲು ಹುಳುವಿನ ಮಾತು. ಇದು ಒಂದು ಪತಂಗದ ಮರಿ. ಪತಂಗವು ಬೂದುಬಣ್ಣದ್ದು, ನೋಡುವುದಕ್ಕೆ ತೀರ ಬಡಪಾಯಿ. ಅದಕ್ಕೆ ತಿನ್ನುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ತಿಂದದ್ದರ ಬಲದಿಂದಲೇ ಉಳಿದ ಕೆಲವು ದಿನಗಳನ್ನು ಕಳೆಯುತ್ತದೆ. ಕತ್ತಲಾದ ಮೇಲೆ ಗೂಡಿನೊಳಕ್ಕೆ ನುಸುಳಿ, ಹಲಗೆಯ ಬಿರುಕುಗಳಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯೊಡೆದ ಹುಳುಗಳು ಎರಿಯನ್ನು ಕೊರೆಯುತ್ತ, ಬೆನ್ನ ಹಿಂದೆಯೇ ರೇಷ್ಮೆಯ ನೂಲನ್ನು ಬಿಗಿಯುತ್ತ ಹೋಗುವುವು. ಮೇಣದ ಹುಳುವೆಂದು ಹೆಸರಾದರೂ ಬರಿಯ ಮೇಣದಿಂದ ಅದರ ಹೊಟ್ಟೆ ತುಂಬುವುದಿಲ್ಲ. ಮರಿಗಳನ್ನು ಬೆಳಸಿ ಕಪ್ಪಾದ ಹಳೆಯ ಎರಿ, ಅದರಲ್ಲಿ ಉಳಿದ ಪರಾಗ, ಮರಿಗಳು ಕಳಚಿದ ಪೊರೆ, ಇವು ಅದಕ್ಕೆ ಇಷ್ಟ. ಪ್ರಾಚೀನ ಗ್ರೀಕರ ಅರಿಸ್ಟಾಟಲನೇ ಜೇನಿನ ಈ ಶತ್ರುವನ್ನು ತನ್ನ ಪ್ರಾಣಿಗ್ರಂಥದಲ್ಲಿ ಹೇಳಿರುವನು. ಇನ್ನೊಂದು ಸೋಜಿಗ: ಈ ಬಡ ಪತಂಗದ ಕಿವಿಯು ಯಾವ ಬಾವಲಿಯ ಕೂಗಿಗೂ ಮೀರಿದ ಸೂಕ್ಷ್ಮ ಧ್ವನಿಯನ್ನು ಕೇಳಬಲ್ಲುದೆಂದು ೨೦೧೩ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿಗಳು ಕಂಡುಹಿಡಿದರು. ತನ್ನನ್ನು ತಿನ್ನಬರುವವನ ದನಿಯನ್ನು ಇಷ್ಟು ಚೆನ್ನಾಗಿ ಕೇಳುವ ಪ್ರಾಣಿಯು ನಮ್ಮ ಹಿತ್ತಲಲ್ಲಿ ನಮಗೆ ತಿಳಿಯದಂತೆಯೇ ಸಂಸಾರ ಹೂಡಿತ್ತು.

ಅಮೆರಿಕಕ್ಕೆ ಜೇನುನೊಣವನ್ನು ಯೂರೋಪಿನಿಂದ ಒಯ್ದವರು ಅಲ್ಲಿಗೆ ಹೋಗಿ ನೆಲಸಿದ ಜನ. ಮೊದಮೊದಲು ಅಲ್ಲಿ ಈ ಪತಂಗವಿರಲಿಲ್ಲ. ೧೮೦೬ರ ಸುಮಾರಿಗೆ ಅದು ಅಲ್ಲಿ ಕಾಣಿಸಿಕೊಂಡಿತು. ಆಮೇಲೆ ರೈತರ ಗೂಡುಗಳು ಸಾಲುಸಾಲಾಗಿ ಹಾಳಾದುವು. ಆಗಿನ ಗೂಡುಗಳಾದರೂ ಹೇಗಿದ್ದುವು? ಪೊಳ್ಳಾದ ಮರದ ತುಂಡು, ಹುಲ್ಲಿನ ಬುಟ್ಟಿ, ಇಲ್ಲವೆ ನಾಲ್ಕು ಹಲಗೆಗಳನ್ನು ಮೊಳೆ ಹೊಡೆದು ಜೋಡಿಸಿದ ಪೆಟ್ಟಿಗೆ. ಎರಿಗಳು ಗೋಡೆಗೂ ಮಾಡಿಗೂ ಅಂಟಿಕೊಂಡಿರುತ್ತಿದ್ದುವು. ಒಳಗೆ ಏನಾಗಿದೆಯೆಂದು ನೋಡಬೇಕಾದರೆ ಗೂಡನ್ನೇ ಒಡೆಯಬೇಕು. ತುಪ್ಪ ಬೇಕಾದರೆ ಗುಂಡಿಯಲ್ಲಿ ಗಂಧಕವನ್ನು ಉರಿಸಿ, ಅದರ ಮೇಲೆ ಗೂಡನ್ನಿಟ್ಟು, ಇಡೀ ಸಂಸಾರವನ್ನು ಕೊಂದು ಎರಿಗಳನ್ನು ಕತ್ತರಿಸಿ ತೆಗೆಯುತ್ತಿದ್ದರು. ಹಿಂಡುವ ಹಸುವನ್ನು ಸಂಜೆ ಕೊಂದು ಬೆಳಗ್ಗೆ ಬೇರೆ ಹಸುವನ್ನು ತರುವವನ ಲೆಕ್ಕಾಚಾರವಿದು.

ರೈತನ ಕಷ್ಟವು ವ್ಯಾಪಾರಿಯ ಸುಗ್ಗಿಯಲ್ಲವೆ? ಪತಂಗವು ಒಳಹೊಗಲಾರದ ಗೂಡುಗಳೆಂದು ಹೇಳಿಕೊಂಡು ನಾನಾ ಬಗೆಯ ಪೆಟ್ಟಿಗೆಗಳು ಮಾರಾಟಕ್ಕೆ ಬಂದುವು. ಒಂದಕ್ಕೆ ಇಳಿಜಾರಾದ ತಳ, ಮತ್ತೊಂದಕ್ಕೆ ಗುಟ್ಟಿನ ಬಾಗಿಲು, ಇನ್ನೊಂದಕ್ಕೆ ಹುಳುವನ್ನು ಹಿಡಿಯುವ ಬೋನು. ಹಣ ಕೊಟ್ಟು ಕೊಂಡವರ ಗೂಡುಗಳಲ್ಲಿಯೂ ಹುಳು ಹಿಂದಿನಂತೆಯೇ ಬೀಳುತ್ತಿತ್ತು.

ಲ್ಯಾಂಗ್‌ಸ್ಟ್ರಾತನು ಹುಟ್ಟಿದ್ದು ಫಿಲಡೆಲ್ಫಿಯ ಪಟ್ಟಣದಲ್ಲಿ, ೧೮೧೦ನೆಯ ಡಿಸೆಂಬರ್ ೨೫ರಂದು. ಯೇಲ್ ವಿದ್ಯಾಶಾಲೆಯಲ್ಲಿ ಓದಿ, ಅಲ್ಲಿಯೇ ಕೆಲವು ಕಾಲ ಪಾಠ ಹೇಳಿ, ೧೮೩೬ರಲ್ಲಿ ಮ್ಯಾಸಚೂಸೆಟ್ಸ್ ಸೀಮೆಯ ಆಂಡೋವರಿನಲ್ಲಿ ಪಾದ್ರಿಯಾದನು. ೧೮೩೮ರ ಬೇಸಗೆಯಲ್ಲಿ ಒಬ್ಬ ಸ್ನೇಹಿತನ ಮನೆಗೆ ಹೋದಾಗ ಮೇಜಿನ ಮೇಲೆ ದೊಡ್ಡದೊಂದು ಗಾಜಿನ ಬುರುಡೆ ತುಂಬ ಜೇನೆರಿಯು ಹೊಳೆಯುತ್ತಿರುವುದನ್ನು ಕಂಡನು. ಅದರ ಅಂದಕ್ಕೆ ಮರುಳಾಗಿ, ಸ್ನೇಹಿತನು ಅಟ್ಟದ ಮೇಲೆ ಸಾಕಿದ್ದ ನೊಣಗಳನ್ನು ನೋಡಿ, ಮನೆಗೆ ಹಿಂದಿರುಗುವಾಗ ಎರಡು ಗೂಡುಗಳನ್ನು ಕೊಂಡುಕೊಂಡೇ ಬಂದನು. ಆಗ ಅವನಿಗೆ ಜೇನಿನ ವಿಷಯವಾಗಿ ಏನೂ ತಿಳಿದಿರಲಿಲ್ಲ.

ತಿಳಿದುಕೊಳ್ಳುವುದಕ್ಕೆ ಅವನಿಗೆ ಹದಿಮೂರು ವರ್ಷಗಳು ಹಿಡಿದುವು. ಏತನ್ಮಧ್ಯೆ ದೇಹಸ್ಥಿತಿ ಕೆಟ್ಟು ಧರ್ಮೋಪದೇಶದ ಕೆಲಸವನ್ನು ಬಿಟ್ಟು, ೧೮೪೮ರಲ್ಲಿ ಫಿಲಡೆಲ್ಫಿಯದಲ್ಲಿ ಹೆಣ್ಣುಮಕ್ಕಳ ಪಾಠಶಾಲೆಯೊಂದನ್ನು ತೆರೆದನು. ಸ್ವಿಟ್ಸರ್ಲೆಂಡಿನ ಹ್ಯೂಬರನ ಗ್ರಂಥವನ್ನು ಆಸ್ಥೆಯಿಂದ ಓದಿದನು. ಈ ಹ್ಯೂಬರನ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಆತನು ಕುರುಡನು. ತನ್ನ ಸೇವಕನಾದ ಬ್ಯುರ್ನಾನ ಕಣ್ಣುಗಳಿಂದ ಜೇನುಗೂಡಿನ ಒಳಗನ್ನು ನೋಡಿ, ಕಣ್ಣಿದ್ದವರು ಕಾಣದಿದ್ದ ಎಷ್ಟೋ ಸಂಗತಿಗಳನ್ನು ಲೋಕಕ್ಕೆ ತಿಳಿಸಿದನು. ಪುಸ್ತಕದ ಹಾಳೆಗಳಂತೆ ಬಿಡಿಸಿ ನೋಡಬಹುದಾದ ಗೂಡೊಂದನ್ನು ಅವನು ಮಾಡಿಸಿದ್ದನು. ಆದರೆ ಆ ಹಾಳೆಗಳನ್ನು ಮುಚ್ಚುವಾಗ ನೊಣಗಳು ನಡುವೆ ಸಿಕ್ಕಿ ನಲುಗುತ್ತಿದ್ದುವು. ಪರೀಕ್ಷೆ ಮಾಡುವ ಪಂಡಿತನಿಗೆ ಸರಿ, ಹೊಲದಲ್ಲಿ ದುಡಿಯುವವನಿಗೆ ಅದು ಆಗತಕ್ಕದ್ದಲ್ಲ. ಉಕ್ರೇನಿನ ಪ್ರೊಕೊಪೊವಿಚ್ ಎಂಬವನು ೧೮೧೪ರಲ್ಲಿಯೇ ಚೌಕಟ್ಟುಗಳಿದ್ದ ಗೂಡನ್ನು ಮಾಡಿದ್ದನು. ಆದುದರಿಂದ ಚೌಕಟ್ಟನ್ನು ಕಂಡುಹಿಡಿದವನು ಲ್ಯಾಂಗ್‌ಸ್ಟ್ರಾತನೆಂದರೆ ತಪ್ಪಾಗುತ್ತದೆ. ಆತನು ಕಂಡುಹಿಡಿದದ್ದು ಒಂದು ಬರಿದಾದ ಸ್ಥಳವನ್ನು.

ಇದನ್ನು ಸ್ವಲ್ಪ ವಿವರಿಸಬೇಕು. ಜೇನುನೊಣಕ್ಕೆ ಮನೆಯಲ್ಲಿ ವ್ಯರ್ಥವಾದ ಸಂದು ಸೇರದು. ಸಂದು ತೀರ ಕಿರಿದಾದರೆ ಗಿಡಗಳಿಂದ ತಂದ ಅಂಟನ್ನು ಮೆತ್ತಿ ಮುಚ್ಚಿಬಿಡುತ್ತದೆ. ಅಗಲವಾದರೆ ಅಲ್ಲಿ ಹೆಚ್ಚಿನ ಎರಿಯನ್ನು ಕಟ್ಟುತ್ತದೆ. ಎರಡೂ ಅಲ್ಲದ ಒಂದು ಅಳತೆಯುಂಟು. ಇಂಚಿನ ಎಂಟು ಪಾಲುಗಳಲ್ಲಿ ಮೂರು ಪಾಲಿನಷ್ಟು, ಎಂದರೆ ಒಂದು ಸೆಂಟಿಮೀಟರಿಗೆ ತುಸು ಕಡಮೆ, ಸ್ಥಳವನ್ನು ಬಿಟ್ಟರೆ ನೊಣಗಳು ಅದನ್ನು ತಮ್ಮ ಓಣಿಯೆಂದು ತಿಳಿದು, ಮುಚ್ಚದೆ, ಕಟ್ಟದೆ, ಓಡಾಡುವುದಕ್ಕೆ ಇಟ್ಟುಕೊಳ್ಳುವುವು. ಮುಚ್ಚಳಕ್ಕೂ ಎರಿ ಕಟ್ಟುವ ಪಟ್ಟಿಗಳಿಗೂ ನಡುವೆ ಇಷ್ಟು ಸ್ಥಳವನ್ನು ಬಿಟ್ಟರೆ ಮುಚ್ಚಳವು ಅಂಟಿಕೊಳ್ಳುವುದಿಲ್ಲವೆಂದು ಆತನು ಮೊದಲು ಕಂಡನು. ಆದರೆ ಎರಿಗಳು ಪೆಟ್ಟಿಗೆಯ ಗೋಡೆಗೆ ಅಂಟಿಕೊಳ್ಳುತ್ತಲೇ ಇದ್ದುವು. ಒಂದೊಂದನ್ನೂ ಚಾಕುವಿನಿಂದ ಬಿಡಿಸಬೇಕಾಗಿತ್ತು. ೧೮೫೧ನೆಯ ಅಕ್ಟೋಬರ್ ೩೦ರಂದು, ಗೂಡುಗಳನ್ನು ನೋಡಿಕೊಂಡು ಮನೆಗೆ ಹಿಂದಿರುಗುತ್ತಿದ್ದಾಗ ಅವನಿಗೆ ಥಟ್ಟನೆ ಹೊಳೆಯಿತು: ಮುಚ್ಚಳದ ಕೆಳಗೆ ಬಿಟ್ಟ ಅದೇ ಓಣಿಯನ್ನು ಚೌಕಟ್ಟಿನ ಸುತ್ತಲೂ ಏಕೆ ಬಿಡಬಾರದು? ಸ್ನಾನದ ತೊಟ್ಟಿಯಿಂದೆದ್ದು ಓಡಿದ ಆರ್ಕಿಮಿಡೀಸನಂತೆ ತಾನೂ ನಡುಬೀದಿಯಲ್ಲಿ ಕೂಗಿಬಿಡುವುದರಲ್ಲಿದ್ದೆನೆಂದು ಆತನು ಮುಂದೆ ಹೇಳಿಕೊಂಡಿರುವನು.

ಅಲ್ಲಿಂದ ಮುಂದೆ ಎಲ್ಲವೂ ಬಡಗಿಯ ಕೆಲಸ. ಫಿಲಡೆಲ್ಫಿಯದಲ್ಲಿ ಹೆನ್ರಿ ಬೊರ್ಕ್ವಿನ್ ಎಂಬ ಮರಗೆಲಸದವನು, ತಾನೂ ಜೇನಿನ ಮರುಳನಾಗಿದ್ದವನು, ಪೆಟ್ಟಿಗೆಗಳನ್ನು ಮಾಡಿಕೊಟ್ಟನು. ೧೮೫೨ನೆಯ ಅಕ್ಟೋಬರ್ ೫ರಂದು ಸರಕಾರದ ಸನ್ನದು ದೊರೆಯಿತು. ಮರುವರ್ಷ ಆತನ ಗ್ರಂಥವೂ ಅಚ್ಚಾಯಿತು.

ಈ ಸನ್ನದಿನಲ್ಲಿ ನಮ್ಮ ಮನಸ್ಸನ್ನು ಸೆಳೆದ ಅಂಶವೊಂದುಂಟು. ಚೌಕಟ್ಟು, ಓಣಿ ಇವುಗಳ ಜೊತೆಗೆ, ಪತಂಗವನ್ನು ತಡೆಯುವ ಮತ್ತು ಹುಳುವನ್ನು ಹಿಡಿಯುವ ಬೋನೊಂದರ ಮೇಲೆಯೂ ಆತನು ಹಕ್ಕನ್ನು ಕೇಳಿದ್ದನು! ಅಂಗಡಿಯವರು ಮಾರುತ್ತಿದ್ದ ಬೋನಿನ ಮೋಹವು ಆತನನ್ನೂ ಪೂರ್ತಿಯಾಗಿ ಬಿಟ್ಟಿರಲಿಲ್ಲವೆಂದು ತೋರುತ್ತದೆ. ಆ ಬೋನನ್ನು ಈಗ ಯಾರೂ ನೆನೆಯುವುದಿಲ್ಲ. ಹುಳುವನ್ನು ಗೆದ್ದದ್ದು ಬೋನಲ್ಲ, ಓಣಿ. ಆತನ ಗ್ರಂಥದ ಬೋಧನೆಯೂ ಇದಕ್ಕೆ ಹೊಂದುವಂಥದೇ: ಬಲವಾದ ಸಂಸಾರವು ಪತಂಗವನ್ನು ತಾನೇ ಹೊರಗಟ್ಟುತ್ತದೆ, ರಾಣಿಯನ್ನು ಕಳೆದುಕೊಂಡು ದಿನೇ ದಿನೇ ಕ್ಷೀಣಿಸುವ ಗೂಡೇ ಹುಳುವಿಗೆ ತುತ್ತಾಗುವುದು. ನಮ್ಮ ಶಿಷ್ಯನು ಹಲಸಿನ ಮರದ ಕೆಳಗೆ ಹೇಳಿದ್ದೂ ಇದೇ ಅಲ್ಲವೆ?

ಹಾಗಾದರೆ ಓಣಿಯಿಂದ ಹುಳುವಿಗೆ ಏನಾಯಿತು? ನೇರವಾಗಿ ಏನೂ ಆಗಲಿಲ್ಲ. ಚೌಕಟ್ಟನ್ನು ಪುಸ್ತಕದ ಕಪಾಟಿನಿಂದ ಪುಸ್ತಕವನ್ನೆತ್ತಿದಂತೆ ಎತ್ತಿ ನೋಡುವ ಅನುಕೂಲವು ರೈತನಿಗೆ ಬಂದಿತು, ಅಷ್ಟೆ. ರಾಣಿಯಿರುವಳೇ, ಮೊಟ್ಟೆಗಳಿವೆಯೇ ಎಂಬುದು ಐದು ನಿಮಿಷಗಳಲ್ಲಿ ಗೊತ್ತಾಗುವುದು. ರಾಣಿಯಿಲ್ಲದ ಗೂಡಿಗೆ ಪಕ್ಕದ ಗೂಡಿನಿಂದ ಮೊಟ್ಟೆಗಳಿರುವ ಒಂದು ಚೌಕಟ್ಟನ್ನು ಕೊಟ್ಟರೆ ನೊಣಗಳು ಅದರಿಂದಲೇ ಹೊಸ ರಾಣಿಯನ್ನು ಬೆಳಸಿಕೊಳ್ಳುವುವು; ತೀರ ಬಡವಾದ ಸಂಸಾರವನ್ನು ಮತ್ತೊಂದರೊಡನೆ ಕೂಡಿಸಬಹುದು. ನೂಲು ಕಂಡ ಎರಿಯನ್ನು ಮಾತ್ರ ತೆಗೆದು ಉಳಿದವುಗಳನ್ನು ಉಳಿಸಿಕೊಳ್ಳಬಹುದು. ನೊಣಗಳು ಮುತ್ತಿಕೊಳ್ಳಲಾರದಷ್ಟು ಹೆಚ್ಚಾದ ಹಳೆಯ ಎರಿಗಳನ್ನು ಕಡಮೆ ಮಾಡಿ, ಅಡಿಮಣೆಯ ಮೇಲೆ ಉದುರಿದ ಮೇಣದ ಪುಡಿಯನ್ನು ಗುಡಿಸಿ ತೆಗೆಯಬಹುದು. ೧೮೬೫ರಲ್ಲಿ ಹ್ರುಶ್ಕಾ ಎಂಬವನು ಎರಿಯನ್ನು ಒಡೆಯದೆ ಗಿರಗಿರನೆ ತಿರುಗಿಸಿ ತುಪ್ಪ ತೆಗೆಯುವ ಯಂತ್ರವನ್ನು ಮಾಡಿದ ಮೇಲೆ ಅದೇ ಎರಿಯನ್ನು ಹಿಂದಕ್ಕೆ ಕೊಡುವಂತಾಯಿತು. ಗಂಧಕದ ಗುಂಡಿಯ ಕೆಲಸ ಮುಗಿಯಿತು.

ಇಷ್ಟನ್ನು ಮಾಡಿಕೊಟ್ಟವನಿಗೆ ದೊರೆತ ಪ್ರತಿಫಲವೇನು? ಪೆಟ್ಟಿಗೆಯು ಯಾವ ಬಡಗಿಯೂ ಒಮ್ಮೆ ನೋಡಿ ಮಾಡಬಹುದಾದಷ್ಟು ಸರಳ. ಜನರು ಸನ್ನದನ್ನು ಲೆಕ್ಕಿಸದೆ ಮಾಡಿಕೊಂಡರು, ಮಾಡಿ ಮಾರಿದರು, ಕೆಲವರು ತಮ್ಮದೇ ಹೊಸ ಶೋಧವೆಂದೂ ಹೇಳಿಕೊಂಡರು. ವ್ಯಾಜ್ಯಗಳಲ್ಲಿ ಹಣವೂ ಕಾಲವೂ ಹೋದುವು. ೧೮೫೮ರಲ್ಲಿ ಓಹಾಯೊ ಸೀಮೆಯ ಆಕ್ಸ್‌ಫರ್ಡ್ ಎಂಬ ಊರಿಗೆ ಹೋಗಿ ನೆಲಸಿ, ಮಗನೊಡನೆ ಇಟಲಿಯ ತಳಿಯ ರಾಣಿಗಳನ್ನು ಬೆಳಸಿ ಮಾರಿ ಜೀವನ ಸಾಗಿಸಿದನು. ಇದಕ್ಕಿಂತ ಕಠಿಣವಾದದ್ದು ಆತನ ಮನೋವ್ಯಾಧಿ. ಯೌವನದಿಂದಲೂ ಆಗಾಗ್ಗೆ ಒಂದು ಬಗೆಯ ಘೋರವಾದ ವಿಷಾದವು ಅವನನ್ನು ಕವಿದುಕೊಂಡು ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಆ ಕಾಲದಲ್ಲಿ ಜೇನಿನ ಮಾತೇ ಅವನಿಗೆ ಸಹಿಸುತ್ತಿರಲಿಲ್ಲ. ಕತ್ತಲೆ ಸರಿದ ಕೂಡಲೆ ಮತ್ತೆ ಗೂಡುಗಳ ಬಳಿಗೆ ಹೋಗುತ್ತಿದ್ದನು. ಮಗನೂ ಹೆಂಡತಿಯೂ ಅವನಿಗಿಂತ ಮುಂಚೆಯೇ ತೀರಿಕೊಂಡರು. ೧೮೯೫ನೆಯ ಅಕ್ಟೋಬರ್ ೬ರಂದು, ಎಂಬತ್ತನಾಲ್ಕು ವರ್ಷದ ಆ ಮುದುಕನು ಡೇಟನ್ ಪಟ್ಟಣದ ಒಂದು ಚರ್ಚಿನಲ್ಲಿ ಭಗವಂತನ ಪ್ರೇಮದ ವಿಷಯವಾಗಿ ಉಪದೇಶವನ್ನು ಆರಂಭಿಸುತ್ತಿದ್ದಾಗಲೇ ಪ್ರಾಣಬಿಟ್ಟನು.

ಆತನ ಪೆಟ್ಟಿಗೆಯು ನಮ್ಮ ಕಡೆಗೆ ಬಂದದ್ದು ಇನ್ನೊಬ್ಬ ಪಾದ್ರಿಯ ಕೈಯಿಂದ. ಯೂರೋಪಿನ ನೊಣಕ್ಕಿಂತ ನಮ್ಮ ತುಡುವೆಯು ಚಿಕ್ಕದು. ಅದರ ಸಂಸಾರವೂ ಚಿಕ್ಕದು, ಅದರ ಓಣಿಯೂ ತುಸು ಕಿರಿದು. ಅಲ್ಲಿಯ ದೊಡ್ಡ ಪೆಟ್ಟಿಗೆಯು ಇದಕ್ಕೆ ಹೊಂದದು. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ನ್ಯೂಟನ್ ಎಂಬ ಪಾದ್ರಿಯು (ಸೇಬಿನ ಹಣ್ಣಿನ ನ್ಯೂಟನ್ ಬೇರೆ) ತುಡುವೆಗೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು ಮಾಡಿ, ೧೯೧೧ರಿಂದ ೧೯೧೭ರ ವರೆಗೆ ಅನೇಕರಿಗೆ ಜೇನುಸಾಕಣೆಯನ್ನು ಕಲಿಸಿದನು. ಕೊಡಗು, ಮಲೆನಾಡು, ದಕ್ಷಿಣ ಕನ್ನಡಗಳಲ್ಲಿ ಇಂದಿಗೂ ನ್ಯೂಟನ್ ಪೆಟ್ಟಿಗೆಯೆಂದೇ ಕರೆಯುವುದು ಇದನ್ನು. ನಮ್ಮ ಹಲಸಿನ ಮರದ ಕೆಳಗಿನದೂ ಅದೇ. ತೆರೆದು ನೋಡುವುದಕ್ಕಾಗಿಯೇ ಇಬ್ಬರು ಮಹನೀಯರು ಆಯುಷ್ಯವನ್ನು ಸವೆಸಿ ಮಾಡಿದ ಪೆಟ್ಟಿಗೆಯನ್ನು ನಾವು ಎರಡು ತಿಂಗಳು ಮುಚ್ಚಿಟ್ಟು ಪೂಜೆ ಮಾಡಿದ್ದೆವು!

ಮೇಣದ ಹುಳುವೊಂದೇ ಶತ್ರುವಾಗಿದ್ದರೆ ಮಾತು ಇಲ್ಲಿಗೆ ಮುಗಿಯುತ್ತಿತ್ತು. ೧೯೯೧-೯೨ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಹಿಂದೂಸ್ಥಾನಕ್ಕೆ ಹಬ್ಬಿ, ಕರ್ನಾಟಕದ ತುಡುವೆ ಸಂಸಾರಗಳಲ್ಲಿ ಬಹುಪಾಲು ನಾಶವಾದುವು. ಮಲೆನಾಡಿನಲ್ಲಿ ಬರಿದಾದ ಪೆಟ್ಟಿಗೆಗಳು ಅಟ್ಟ ಸೇರಿದ್ದನ್ನು ನಾವೂ ಕಂಡಿದ್ದೇವೆ. ರೋಗ ಬಡಿದ ಮರಿಯು ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ. ಅದಕ್ಕೆ ಮದ್ದಿಲ್ಲ, ರೋಗವನ್ನು ತಡೆದು ಬದುಕಿದ ಸಂಸಾರಗಳಿಂದಲೇ ಪಾಲು ಮಾಡಿಕೊಂಡು ಸಾಕುವವರು ಮತ್ತೆ ಮೇಲೆದ್ದರು. ಯೂರೋಪಿನ ನೊಣವನ್ನು ಪೀಡಿಸುವ ವರೋವ ಎಂಬ ಉಣ್ಣೆಯಾದರೋ ಮೂಲತಃ ನಮ್ಮ ತುಡುವೆಯ ಮೈಮೇಲಿನದು. ತುಡುವೆಯು ಅದನ್ನು ಕಚ್ಚಿ ಉದುರಿಸುವ ವಿದ್ಯೆಯನ್ನು ಬಲ್ಲುದು. ಪರದೇಶದ ನೊಣವು ಅದನ್ನು ಅಷ್ಟಾಗಿ ಅರಿಯದು. ಈ ಎರಡನ್ನೂ ಮೊದಲು ಕಾಣುವುದು ಎತ್ತಿ ನೋಡಿದ ಚೌಕಟ್ಟಿನಲ್ಲಿಯೇ.

ಇನ್ನು ಹೊಲದ ಮಾತು. ಜೇನುಸಾಕಣೆ ಬೇರೆ, ಬೇಸಾಯ ಬೇರೆ ಎಂದು ತಿಳಿಯತಕ್ಕದ್ದಲ್ಲ. ಏಲಕ್ಕಿ, ಸೂರ್ಯಕಾಂತಿ, ಕುಂಬಳ, ಸೌತೆಗಳು ಕಾಯಿಕಟ್ಟುವುದು ನೊಣಗಳ ಓಡಾಟದಿಂದ. ಪೆಟ್ಟಿಗೆಯನ್ನು ಗಾಡಿಯ ಮೇಲೇರಿಸಿ ಒಯ್ಯುವಂತಾದುದರಿಂದಲೇ ಈಗ ಕ್ಯಾಲಿಫೋರ್ನಿಯದ ಬಾದಾಮಿ ತೋಟಗಳಿಗೆ ವರ್ಷವರ್ಷವೂ ಹತ್ತು ಲಕ್ಷಕ್ಕೂ ಮೀರಿದ ಸಂಸಾರಗಳು ಪ್ರಯಾಣ ಮಾಡುತ್ತವೆ. ಹೀಗಿರುತ್ತ ಬೆಳೆಯ ಹುಳುವಿಗೆಂದು ಸಿಂಪಡಿಸಿದ ವಿಷವು ಹೂವಿಗೆ ಬಂದ ನೊಣವನ್ನೂ ಕೊಲ್ಲುತ್ತದೆ. ೨೦೧೮ರಲ್ಲಿ ಯೂರೋಪಿನ ಒಕ್ಕೂಟವು ನಿಯೋನಿಕೊಟಿನಾಯ್ಡ್ ವರ್ಗದ ಮೂರು ವಿಷಗಳನ್ನು ಬಯಲಿನ ಬೆಳೆಗಳಿಗೆ ಬಳಸಕೂಡದೆಂದು ನಿಷೇಧಿಸಿದ್ದು ಈ ಕಾರಣದಿಂದ.

ಜೇನಿಗೂ ಬೆಳೆಗೂ ಒಪ್ಪುವ ಉಪಾಯವಿಲ್ಲದೆ ಇಲ್ಲ. ೧೯೦೧ರಲ್ಲಿ ಜಪಾನಿನ ಇಶಿವಾತ ಎಂಬ ವಿದ್ವಾಂಸನು ರೋಗದಿಂದ ಸತ್ತ ರೇಷ್ಮೆಹುಳುಗಳಲ್ಲಿ ಒಂದು ಬ್ಯಾಕ್ಟೀರಿಯವನ್ನು ಕಂಡನು. ಕೆಲವು ವರ್ಷಗಳ ಮೇಲೆ ಜರ್ಮನಿಯ ತುರಿಂಗಿಯ ಸೀಮೆಯಲ್ಲಿ ಹಿಟ್ಟಿನ ಪತಂಗದ ಹುಳುಗಳಲ್ಲಿ ಬರ್ಲಿನರನು ಅದನ್ನೇ ಕಂಡು, ಆ ಸೀಮೆಯ ಹೆಸರನ್ನೇ ಅದಕ್ಕಿಟ್ಟನು. ರೈತರು ಈಗ ಬಿ.ಟಿ. ಎನ್ನುವುದು ಇದನ್ನೇ. ಕೋಸಿನ ಮೇಲಿನ ಕಂಬಳಿಹುಳುವಿಗೂ, ಕಪಾಟಿನಲ್ಲಿ ಶೇಖರಿಸಿಟ್ಟ ಎರಿಗಳಿಗೆ ಬೀಳುವ ಮೇಣದ ಹುಳುವಿಗೂ ಅದು ಮಾರಕ, ಜೇನುನೊಣಕ್ಕೆ ಬಾಧಕವಲ್ಲ. ಆದರೆ ಹಿಪ್ಪುನೇರಳೆಯ ತೋಟವಿರುವ ಕಡೆ ಇದನ್ನು ಸಿಂಪಡಿಸುವವರು ಎಚ್ಚರದಿಂದಿರಬೇಕು. ಅದು ಮೊದಲು ಸಿಕ್ಕಿದ್ದೇ ಸತ್ತ ರೇಷ್ಮೆಹುಳುವಿನಲ್ಲಿ ಎಂಬುದನ್ನು ಮರೆಯಬಾರದು. ಬೇರೆ ಯಾವ ಔಷಧವನ್ನೇ ಸಿಂಪಡಿಸಬೇಕಾದರೂ ಹೂ ಅರಳಿರುವ ಕಾಲವನ್ನು ಬಿಟ್ಟು, ನೊಣಗಳು ಗೂಡು ಸೇರಿದ ಮೇಲೆ ಸಂಜೆ ಸಿಂಪಡಿಸಿದರೆ ಎಷ್ಟೋ ಸಂಸಾರಗಳು ಉಳಿಯುವುವು. ಪಕ್ಕದ ತೋಟದವನಿಗೆ ಹಿಂದಿನ ದಿನವೇ ಒಂದು ಮಾತು ಹೇಳಿ ಕಳುಹಿಸಿದರೆ ಇನ್ನೂ ಲೇಸು.

ನಮ್ಮ ಹಳೆಯ ಪೆಟ್ಟಿಗೆಯನ್ನು ಶಿಷ್ಯನು ಬಿಸಿನೀರಿನಿಂದ ತೊಳೆದು, ಹುಳುಗಳು ಗೂಡುಕಟ್ಟಿ ಕೊರೆದಿದ್ದ ತಗ್ಗುಗಳನ್ನು ಮೇಣದಿಂದ ತುಂಬಿ, ಕಾರ್ತಿಕದಲ್ಲಿ ತನ್ನ ತೋಟದಿಂದ ಒಂದು ಪಾಲನ್ನು ತಂದು ಕೂರಿಸಿದನು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಈಗ ಹದಿನೈದು ದಿನಗಳಿಗೊಮ್ಮೆ, ಮಳೆಗಾಲವಾದರೆ ಬಿಸಿಲಿಣುಕಿದ ಹೊತ್ತು ನೋಡಿ, ಮುಚ್ಚಳವನ್ನು ತೆಗೆಯುತ್ತೇವೆ. ಮನೆಯಾಕೆಯು ತೆಂಗಿನ ನಾರಿನ ಹೊಗೆಯನ್ನು ಹಿಡಿದು ನಿಲ್ಲುತ್ತಾಳೆ. ನಮಗಿಂತ ಅವಳ ಕಣ್ಣು ಚುರುಕು. ಕಳೆದ ಶ್ರಾವಣದಲ್ಲಿ ಮೂರನೆಯ ಚೌಕಟ್ಟಿನ ಕೆಳಮೂಲೆಯಲ್ಲಿ ಒಂದೆಳೆ ನೂಲನ್ನು ಕಂಡವಳು ಅವಳೇ. ಚಾಕುವಿನ ತುದಿಯಿಂದ ಹುಳುವನ್ನು ತೆಗೆದು ಅಂಗಳಕ್ಕೆ ಎಸೆದೆವು. ಮಡಿವಾಳ ಹಕ್ಕಿಯೊಂದು ಬಂದು ಅದನ್ನು ಎತ್ತಿಕೊಂಡು ಹೋಯಿತು.